ನೆಲದೊಳಗಿನ ಸೀಸೆಗಳು

ನಮ್ಮ ಕೊಠಡಿಯ ಕಪಾಟಿನ ಮೇಲೆ ಸಾಲಾಗಿ ನಿಂತಿರುವ ಹಳೆಯ ಸೀಸೆಗಳನ್ನು ಕಂಡು ಒಳಗೊಳಗೇ ನಗದೆ ಹೋದ ವಿದ್ಯಾರ್ಥಿನಿಯರು ವಿರಳ. ಶುಲ್ಕ ಕಟ್ಟಲು ಬಂದ ತಾಯಂದಿರಲ್ಲಿ ಒಬ್ಬರು, "ಅಮ್ಮನವರೇ, ಇವನ್ನು ಹಳೆ ಸೀಸೆ ಕೊಳ್ಳುವವನಿಗೆ ಹಾಕಿದರೆ ಜಾಗವಾದರೂ ತೆರವಾದೀತಲ್ಲ" ಎಂದು ಮರುಕದಿಂದ ಹೇಳಿದ್ದೂ ಉಂಟು. ಆ ಸೀಸೆಗಳು ನಮ್ಮ ಕೈಗೆ ಬಂದ ಬಗೆಯನ್ನೂ ಅವುಗಳಿಂದ ನಾವು ಕಲಿತುದನ್ನೂ ಈ ಸಂಚಿಕೆಯ ನೆವದಿಂದ ಅರಿಕೆ ಮಾಡಿಕೊಳ್ಳುತ್ತೇವೆ. ಪಾಠ ಹೇಳುವವರೇ ಪಾಠ ಹೇಳಿಸಿಕೊಂಡ ಕಥೆಯಾದುದರಿಂದ ಹಳೆಯ ವಿದ್ಯಾರ್ಥಿನಿಯರಿಗೆ ಇದು ತುಸು ಸಂತೋಷವನ್ನೇ ಕೊಟ್ಟೀತು.

2011ನೆಯ ಇಸವಿಯಲ್ಲಿ ಅಧ್ಯಾಪನದ ಹೆಚ್ಚಿನ ತರಬೇತಿಗೆಂದು ನಾವು ಕೆಲವು ತಿಂಗಳು ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿ ಇರಬೇಕಾಯಿತು. ನಮಗೆ ಬಿಡಾರ ಕೊಟ್ಟವರು ಎಪ್ಪತ್ತು ದಾಟಿದ, ನಿವೃತ್ತರಾದ ಒಬ್ಬ ಉಪಾಧ್ಯಾಯಿನಿ. ಶನಿವಾರ ಬೆಳಗಾಯಿತೆಂದರೆ ಆ ತಾಯಿ ದಪ್ಪನೆಯ ಬೂಟು ತೊಟ್ಟು, ತೊಗಲಿನ ಕೈಚೀಲ ಧರಿಸಿ, ನಾಲ್ಕು ಹಲ್ಲಿನ ತೋಟದ ಫೋರ್ಕನ್ನು ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರು. ಎಲ್ಲಿಗೆಂದು ಕೇಳಿದರೆ, "ತಿಪ್ಪೆ ಕೆದಕಲು" ಎಂಬ ಉತ್ತರ. ಮೂರನೆಯ ವಾರ ನಾವೂ ಜೊತೆಗೂಡಿದೆವು.

ಆ ತಿಪ್ಪೆ ನಾವೆಣಿಸಿದಂತೆ ನಾರುವ ತಿಪ್ಪೆಯಲ್ಲ. ಒಬ್ಬ ರೈತನ ಹೊಲದಂಚಿನಲ್ಲಿ ಹುಲ್ಲು ಬೆಳೆದ ದಿಬ್ಬ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಆ ದೇಶದ ಮನೆಮನೆಯಲ್ಲಿಯೂ ಕಲ್ಲಿದ್ದಲು ಉರಿಯುತ್ತಿತ್ತು. 1875ರ ಸಾರ್ವಜನಿಕ ಆರೋಗ್ಯ ಕಾಯಿದೆಯ ತರುವಾಯ ಊರಾಡಳಿತಗಳು ಮನೆಗಳ ಬೂದಿಯನ್ನೂ ಕಸವನ್ನೂ ಬಂಡಿಗಳಲ್ಲಿ ಹೇರಿ ಊರಾಚೆ ಸುರಿಯುವ ಪದ್ಧತಿ ಬಲವಾಯಿತು. ಔಷಧ, ಶಾಯಿ, ಉಪ್ಪಿನಕಾಯಿ ಮೊದಲಾದವು ಮುಗಿದ ಮೇಲೆ ಅವುಗಳ ಸೀಸೆಗಳೂ ಆ ಬೂದಿಯ ಜೊತೆಗೇ ಹೋದವು. ಬೂದಿ ಮೆತ್ತನೆಯದು, ನೂರು ವರ್ಷಗಳ ಮೇಲೂ ಅನೇಕ ಸೀಸೆಗಳು ಅದರಲ್ಲಿ ಒಡೆಯದೆ ಮಲಗಿವೆ.

ನಾವು ಮೊದಲು ಹೊರತೆಗೆದ ಸೀಸೆಯನ್ನು ಕಂಡು ನಮ್ಮ ಬಾಯಿಂದ ಕನ್ನಡವೇ ಹೊರಟಿತು: "ಇದು ನಮ್ಮೂರ ಗೋಲಿ ಸೋಡಾ ಸೀಸೆ!" ಹಿಸುಕಿದಂತಿರುವ ಅದೇ ಕಂಠ, ಒಳಗೆ ಗಲಗಲಿಸುವ ಅದೇ ಗೋಲಿ. ಜಾತ್ರೆಯಲ್ಲಿ ತಂದೆಯವರ ಕೈ ಹಿಡಿದು ಆ ಸೋಡಾ ಕುಡಿದ ನೆನಪು ಆ ಹೊರನಾಡಿನ ಬೂದಿಯಿಂದ ಎದ್ದು ಬಂದಿತು. ಆ ತಾಯಿ ನಕ್ಕು ವಿವರಿಸಿದರು. ಹಿರಂ ಕಾಡ್ ಎಂಬ ಇಂಗ್ಲಿಷ್ ಯಂತ್ರಶಿಲ್ಪಿ 1870ರ ದಶಕದ ಮೊದಲಲ್ಲಿ ಈ ಸೀಸೆಗೆ ಹಕ್ಕುಪತ್ರ ಪಡೆದನು. ಅದನ್ನು ತಲೆಕೆಳಗು ಮಾಡಿ ತುಂಬುವರು. ಪಾನಕದೊಳಗಿನ ಅನಿಲವು ಗೋಲಿಯನ್ನು ಕಂಠದ ರಬ್ಬರು ಬಳೆಗೆ ಒತ್ತಿ ಹಿಡಿಯುವುದರಿಂದ ಗೋಲಿಯೇ ಬಿರಡೆಯಾಗುತ್ತದೆ. ಗೋಲಿಯ ಆಸೆಗೆ ಮಕ್ಕಳು ಸೀಸೆಯನ್ನೇ ಒಡೆಯುತ್ತಿದ್ದುದರಿಂದ ಇಡಿಯಾದುದು ಸಿಕ್ಕುವುದು ಅದೃಷ್ಟವೆಂದರು. ಮಕ್ಕಳು ಎಲ್ಲಿಯೂ ಮಕ್ಕಳೇ.

ಅಂದಿನಿಂದ ನಮಗೆ ಇದರ ಹುಚ್ಚು ಹಿಡಿಯಿತು. ಸೀಸೆಯನ್ನು ಓದುವುದನ್ನು ಅಕ್ಷರಾಭ್ಯಾಸದಂತೆಯೇ ಕಲಿತೆವು. ಅಚ್ಚಿನ ಗೆರೆಯು ಪಕ್ಕೆಯಿಂದ ಏರಿ ಬಾಯಿಯ ಕೆಳಗೇ ನಿಂತಿದ್ದರೆ, ಬಾಯನ್ನು ಕೆಲಸಗಾರನು ಕೈಯಿಂದ ತಿದ್ದಿದನೆಂದು ಸಾಮಾನ್ಯವಾಗಿ ತಿಳಿಯಬಹುದು. ಗೆರೆ ಬಾಯಿಯ ಮೇಲೆಯೂ ಹಾಯ್ದಿದ್ದರೆ ಅದು ಬಹುಮಟ್ಟಿಗೆ ಯಂತ್ರದ ಕೆಲಸ. ಅಮೆರಿಕದ ಮೈಕೆಲ್ ಓವೆನ್ಸನು 1903ರ ಸುಮಾರಿಗೆ ಸೀಸೆ ಮಾಡುವ ಯಂತ್ರವನ್ನು ಸಿದ್ಧಗೊಳಿಸಿದ ತರುವಾಯದ್ದು. ಕಡುನೀಲಿ ಬಣ್ಣದ, ಮೈಮೇಲೆ ಏಣುಗಳಿರುವ ಸೀಸೆ ವಿಷದ್ದು. ಕತ್ತಲೆಯಲ್ಲಿ ಕೈಯಿಟ್ಟವರಿಗೂ ಅಪಾಯ ತಿಳಿಯಲೆಂದು ಹಾಗೆ ಮಾಡುತ್ತಿದ್ದರು. ಬಿಸಿನೀರಿನಲ್ಲಿ ಒಮ್ಮೆಲೇ ಅದ್ದಿದರೆ ಹಳೆಯ ಗಾಜು ಬಿರಿಯುತ್ತದೆಂಬುದನ್ನು ಮಾತ್ರ ನಾವು ಒಂದು ಚೆಲುವಾದ ಶಾಯಿಸೀಸೆಯನ್ನು ಕಳೆದುಕೊಂಡು ಕಲಿಯಬೇಕಾಯಿತು.

ಇನ್ನು ನಮ್ಮ ತಪ್ಪಿನ ಸಂಗತಿ. ಮೇಲಿನಿಂದ ಇಳಿಜಾರಾಗಿ ಅಗೆಯಬೇಕೇ ಹೊರತು ದಿಬ್ಬದ ಬುಡಕ್ಕೆ ಬಿಲ ಕೊರೆಯಬಾರದೆಂಬುದು ಆ ತಾಯಿಯ ಮೊದಲನೆಯ ಕಟ್ಟಳೆ. ಒಂದು ಶನಿವಾರ ಅವರು ಅತ್ತ ತಿರುಗಿದ್ದಾಗ ಬುಡದ ಆಳದಲ್ಲಿ ಹಸುರು ಗಾಜೊಂದು ಮಿನುಗಿದ್ದು ನಮ್ಮ ಕಣ್ಣಿಗೆ ಬಿತ್ತು. ಇನ್ನೊಂದು ಗೇಣು, ಇನ್ನೊಂದು ಗೇಣು ಎಂದು ಕೈ ಚಾಚುತ್ತ ಭುಜದವರೆಗೆ ಒಳನುಗ್ಗಿದೆವು. ಸದ್ದೇ ಇಲ್ಲದೆ ಮೇಲಿನ ಬೂದಿಯೆಲ್ಲ ಜಾರಿ ನಮ್ಮ ಬೆನ್ನ ಮೇಲೆ ಕೂತಿತು. ಮುಖವೊಂದು ಹೊರಗಿದ್ದುದು ದೇವರ ದಯೆ. ಕೂಗಲು ಎದೆಯಲ್ಲಿ ಉಸಿರಿರಲಿಲ್ಲ. ಆ ಮುದುಕಿ ಬರಿಗೈಯಿಂದ ಬೂದಿ ತೋಡಿ ನಮ್ಮನ್ನು ಈಚೆಗೆಳೆದರು. ಅವರ ಉಗುರುಗಳಲ್ಲಿ ನೆತ್ತರು. "ನಿನ್ನ ಶಾಲೆಯ ಹುಡುಗಿಯೊಬ್ಬಳು ಹೀಗೆ ಮಾಡಿದ್ದರೆ ನೀನು ಏನನ್ನುತ್ತಿದ್ದೆ?" ಎಂದಷ್ಟೇ ಕೇಳಿದರು. ಅವಸರ ಬೇಡವೆಂದು ವರ್ಷಗಟ್ಟಲೆ ಹುಡುಗಿಯರಿಗೆ ಬೋಧಿಸಿದ ನಮ್ಮಲ್ಲಿ ಉತ್ತರವಿರಲಿಲ್ಲ. ಒಂದು ಘನ ಮೀಟರು ಮಣ್ಣು ಒಂದು ಟನ್ನಿಗೂ ಹೆಚ್ಚು ತೂಗುವುದೆಂಬ ಲೆಕ್ಕವನ್ನು ನಾವೇ ತರಗತಿಯಲ್ಲಿ ಮಾಡಿಸಿದ್ದುಂಟು. ಅದರ ಅರ್ಥ ತಿಳಿದದ್ದು ಅಂದು.

ಮುಂದಿನ ವಾರ ದಿಬ್ಬವನ್ನು ಕ್ರಮವಾಗಿ ಇಳಿಜಾರು ಮಾಡಿ, ಆ ಹಸುರು ಗಾಜನ್ನು ಹೊರತೆಗೆದೆವು. ಅದು ಆಮೆಯ ಬೆನ್ನಿನಂತೆ ಚಪ್ಪಟೆಯಾದ, ಗಿಡ್ಡ ಕಂಠದ ಸೀಸೆ. ಕೂಸುಗಳಿಗೆ ಹಾಲೂಡಿಸುವುದೆಂದು ಆ ತಾಯಿ ಮೆಲ್ಲನೆ ಹೇಳಿದರು. ಅದಕ್ಕೊಂದು ಉದ್ದನೆಯ ರಬ್ಬರು ನಳಿಗೆ ಇರುತ್ತಿತ್ತು. ಕೂಸು ತೊಟ್ಟಿಲಲ್ಲಿ ಮಲಗಿಯೇ ಚೀಪಬಹುದಾಗಿದ್ದುದರಿಂದ ದುಡಿಯುವ ತಾಯಂದಿರಿಗೆ ಅನುಕೂಲವೆನಿಸಿತು. ಅಂಥ ಸೀಸೆಗಳಲ್ಲಿ ಒಂದು ಬಗೆಗೆ ರಾಜಕುಮಾರಿ ಅಲೆಕ್ಸಾಂಡ್ರಾಳ ಹೆಸರನ್ನೇ ಇಟ್ಟು ಮಾರುತ್ತಿದ್ದರು. ಆದರೆ ಆ ನಳಿಗೆಯ ಒಳಮೈಯನ್ನು ತೊಳೆಯುವುದು ಸಾಧ್ಯವೇ ಇರಲಿಲ್ಲ. ಉಳಿದ ಹಾಲಿನಲ್ಲಿ ರೋಗಾಣುಗಳು ಬೆಳೆದು ಅನೇಕ ಶಿಶುಗಳು ಪ್ರಾಣ ಬಿಟ್ಟವು. ಜನ ಅದನ್ನು ಕೊಲೆಗಾರ ಸೀಸೆಯೆಂದೇ ಕರೆದರು. ವೈದ್ಯರು ಎಚ್ಚರಿಸಿದರೂ ಮಾರಾಟ ಬಹುಕಾಲ ನಿಲ್ಲಲಿಲ್ಲ. ಫ್ರಾನ್ಸ್ ದೇಶವು ನಳಿಗೆಯ ಸೀಸೆಗಳನ್ನು ನಿಷೇಧಿಸಿದ್ದು 1910ರಲ್ಲಿ.

ನಾವು ಅದನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನಿಂತೆವು. ಅದನ್ನು ಕೊಂಡವಳು ಕೆಟ್ಟ ತಾಯಿಯಲ್ಲ. ಕೂಲಿಯ ಹಣದಲ್ಲಿ ಉಳಿಸಿ, ಒಳ್ಳೆಯದೆಂದು ನಂಬಿಯೇ ಕೊಂಡಿದ್ದಾಳು. ಅವಳಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ತಿಳಿವಳಿಕೆ ಅವಳ ಬಾಗಿಲಿಗೆ ಬರಲಿಲ್ಲ. ಹೆಣ್ಣುಮಕ್ಕಳಿಗೆ ಶರೀರಶಾಸ್ತ್ರವೂ ಆರೋಗ್ಯಶಾಸ್ತ್ರವೂ ಏತಕ್ಕೆಂದು ಯಾರಾದರೂ ಕೇಳಿದರೆ ನಾವು ಈಗ ವಾದಿಸುವುದಿಲ್ಲ. ಕಪಾಟಿನ ಆ ಹಸುರು ಸೀಸೆಯನ್ನು ಅವರ ಕೈಗೆ ಕೊಡುತ್ತೇವೆ.

ಊರಿಗೆ ಮರಳಿದ ಮೇಲೆ ಹುಡುಗಿಯರು, "ಟೀಚರ್, ನಮ್ಮ ಕಾಂಪೌಂಡಿನಲ್ಲಿಯೂ ಅಗೆಯೋಣ" ಎಂದು ಗಂಟುಬಿದ್ದರು. ನಮ್ಮಲ್ಲಿ ಸೀಸೆ ನೆಲದ ಪಾಲಾಗುವುದು ಕಡಿಮೆ. ಔಷಧ ಮುಗಿದರೆ ಎಣ್ಣೆಗೆ, ಎಣ್ಣೆ ಮುಗಿದರೆ ಸೀಮೆಎಣ್ಣೆಗೆ, ಕಡೆಗೆ ಹಳೆ ಸೀಸೆಯವನ ಬುಟ್ಟಿಗೆ. ಇದು ನಮ್ಮ ಅಜ್ಜಿಯಂದಿರ ಮಿತವ್ಯಯ. ಆದರೂ ಈ ಹವ್ಯಾಸಕ್ಕೆ ತೊಡಗುವವರಿಗೆ ನಮ್ಮ ಮಾತು ಇಷ್ಟು: ನೆಲದ ಒಡೆಯರ ಅಪ್ಪಣೆಯಿಲ್ಲದೆ ಒಂದು ಹಿಡಿ ಮಣ್ಣನ್ನೂ ಎತ್ತಬೇಡಿರಿ. ಸಂರಕ್ಷಿತ ಸ್ಮಾರಕಗಳ ನೆಲವನ್ನು ಮುಟ್ಟಬೇಡಿರಿ, 1958ರ ಕಾಯಿದೆ ಅದನ್ನು ತಡೆಯುತ್ತದೆ. ಧನುರ್ವಾಯುವಿನ ಲಸಿಕೆ ಹಾಕಿಸಿಕೊಳ್ಳಿರಿ. ಒಬ್ಬರೇ ಹೋಗಬೇಡಿರಿ. ಬಿರಡೆ ಹಾಕಿದ್ದು, ಒಳಗೆ ಏನಾದರೂ ಉಳಿದಿರುವ ಸೀಸೆಯನ್ನು ತೆರೆಯಬೇಡಿರಿ. ಸಂಜೆ ಹೊರಡುವ ಮುನ್ನ ಕುಳಿಯನ್ನು ಮುಚ್ಚಿರಿ. ನಾಳೆ ಅಲ್ಲಿ ಯಾರದೋ ಹಸುವಿನ ಕಾಲು ಸಿಕ್ಕೀತು.

ಆ ತಾಯಿ ಈಗಿಲ್ಲ. ನಾವು ಹೊರಡುವ ದಿನ ಗೋಲಿಯ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ನಮ್ಮ ಪೆಟ್ಟಿಗೆಯಲ್ಲಿ ಇಟ್ಟವರು ಅವರೇ. ಈ ಸಂಚಿಕೆಯನ್ನು ಓದಿದ ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಬಂದಾಗ ಕೊಠಡಿಗೂ ಬರಲಿ; ಅದನ್ನು ಅಲುಗಿಸಿ ಸದ್ದು ಕೇಳಬಹುದು. ಒಡೆಯಬಾರದಷ್ಟೆ.