ಕ್ಯಾಮೆರಾದ ದಿಬ್ಬಣ

ಮದುವೆಗೆ ನಿಜವಾಗಿ ಬೇಕಾದವರು ಇಬ್ಬರೇ. ಆದರೂ ದಿಬ್ಬಣ ಹೊರಡುವ ಹೊತ್ತಿಗೆ ಎರಡು ಬಸ್ಸು ಸಾಲದೆ ಮೂರನೆಯದಕ್ಕೆ ಓಡಾಡಬೇಕಾಗುತ್ತದೆ. ಚಿಕ್ಕಜ್ಜಿಯ ನಾದಿನಿಯ ಮಗ ಯಾರೆಂದು ಮದುಮಗನಿಗೇ ಗೊತ್ತಿರುವುದಿಲ್ಲ. ಆದರೆ ಅವನನ್ನು ಬಿಟ್ಟು ಹೋದರೆ ಮುಂದಿನ ಹತ್ತು ಮದುವೆಗಳಲ್ಲಿ ಆ ಮಾತು ಕೇಳಬೇಕು. ನಮ್ಮ ಮನೆಗೆ ಸೋದರಮಾವನ ಯಾಶಿಕಾ ಮ್ಯಾಟ್ 124ಜಿ ಬಂದದ್ದು ಮಾತ್ರ ಒಂಟಿಯಾಗಿ, ಒಂದು ಹಳೇ ಬೈರಾಸಿನಲ್ಲಿ ಸುತ್ತಿಕೊಂಡು. ದಿಬ್ಬಣ ಆಮೇಲೆ ಬಂತು. ಇನ್ನೂ ಬರುತ್ತಲೇ ಇದೆ.

ಮಾವ ತೀರ್ಥಹಳ್ಳಿಯ ಆಸುಪಾಸಿನಲ್ಲಿ ಮದುವೆ, ಮುಂಜಿ, ಗೃಹಪ್ರವೇಶಗಳ ಫೋಟೋ ತೆಗೆಯುತ್ತಿದ್ದವರು. ರೋಲಿಫ್ಲೆಕ್ಸ್ ಕೊಳ್ಳುವ ಆಸೆಯಿದ್ದು ದುಡ್ಡಿಲ್ಲದವರೆಲ್ಲ ಯಾಶಿಕಾ ಕೊಳ್ಳುತ್ತಿದ್ದ ಕಾಲ ಅದು. 124ಜಿ ಮಾರುಕಟ್ಟೆಗೆ ಬಂದದ್ದು 1970ರಲ್ಲಿ, ತಯಾರಿಕೆ ನಿಂತದ್ದು 1986ರಲ್ಲಿ. ಹೆಸರಿನ ಬಾಲದಲ್ಲಿರುವ 'ಜಿ' ಎಂದರೆ ಗೋಲ್ಡ್. ಒಳಗಿನ ಮೀಟರಿನ ವಿದ್ಯುತ್ ಸಂಪರ್ಕದ ಬಿಂದುಗಳಿಗೆ ಬಳಿದ ಚಿನ್ನದ ತೆಳುವಾದ ಲೇಪವದು. ಹೆಣ್ಣಿನ ಕಡೆಯವರ ಮುಂದೆ ಮಾವ "ಇದರಲ್ಲಿ ಚಿನ್ನ ಇದೆ" ಎಂದಷ್ಟೇ ಹೇಳುತ್ತಿದ್ದರು. ಎಷ್ಟಿದೆ, ಎಲ್ಲಿದೆ ಎಂಬ ವಿವರಕ್ಕೆ ಹೋಗುತ್ತಿರಲಿಲ್ಲ.

ಈ ಕ್ಯಾಮೆರಾಕ್ಕೆ ಒಂದರ ಮೇಲೊಂದು ಎರಡು ಕಣ್ಣು. ಮೇಲಿನದು ನೋಡುವುದಕ್ಕೆ, ಕೆಳಗಿನದು ಚಿತ್ರ ಹಿಡಿಯುವುದಕ್ಕೆ. ನೆತ್ತಿಯ ಮುಚ್ಚಳ ತೆರೆದು ಬಗ್ಗಿ ನೋಡಿದರೆ ಮಬ್ಬುಗಾಜಿನ ಮೇಲೆ ಎಡ ಬಲವಾಗಿ, ಬಲ ಎಡವಾಗಿ ಲೋಕ ಕಾಣುತ್ತದೆ. ಎರಡು ಕಣ್ಣೆಂದರೆ ಮುಖ ನೋಡುವುದಕ್ಕೆ ಚಂದ, ಜೇಬಿಗೆ ಮಾತ್ರ ಕಷ್ಟ. ದೂರದ್ದನ್ನು ಹತ್ತಿರ ತರುವ ಹೆಚ್ಚುವರಿ ಲೆನ್ಸು ಬೇಕೆಂದರೆ ಎರಡು ಬೇಕು: ತೆಗೆಯುವ ಕಣ್ಣಿಗೊಂದು, ನೋಡುವ ಕಣ್ಣಿಗೊಂದು. ಹೂವು, ಹುಳ ಹಿಡಿಯುವ ಕ್ಲೋಸ್‌ಅಪ್ ಲೆನ್ಸಿನದೂ ಅದೇ ಕಥೆ. ಜೊತೆಗೆ ಮೇಲಿನ ಕಣ್ಣು ಕಂಡದ್ದಕ್ಕಿಂತ ಕೆಳಗಿನ ಕಣ್ಣು ಎರಡು ಬೆರಳು ಕೆಳಗಿನಿಂದ ಕಾಣುವುದರಿಂದ, ಆ ವ್ಯತ್ಯಾಸ ಸರಿದೂಗಿಸುವ ಓರೆಗಾಜು ಮೇಲಿನದರಲ್ಲಿ ಇರಬೇಕು. ಜೋಡಿಯಲ್ಲಿ ಒಂದು ಕಳೆದರೆ ಇನ್ನೊಂದಕ್ಕೆ ಬೆಲೆಯಿಲ್ಲ, ಒಂದು ಕಾಲಿನ ಚಪ್ಪಲಿಯಂತೆ. ಜೋಡಿ ಚಪ್ಪಲಿಯಲ್ಲಿ ಒಂದನ್ನು ಮಾತ್ರ ಯಾಕೆ ಮಾರುತ್ತಾರೆ ಎಂದು ಕೇಳಬೇಡಿ. ಹಳೇ ಸಾಮಾನಿನ ಪೇಟೆಯಲ್ಲಿ ಒಂದೇ ಮಾರುತ್ತಾರೆ, ಮತ್ತು ನನ್ನಂಥವರು ಇನ್ನೊಂದು ಎಲ್ಲೋ ಸಿಕ್ಕೀತೆಂದು ಕೊಳ್ಳುತ್ತಾರೆ.

ದಿಬ್ಬಣದ ಮೊದಲ ಅತಿಥಿ ಬಂದದ್ದು ಅವಮಾನದ ದಾರಿಯಲ್ಲಿ. ಬೆಂಗಳೂರಿನಿಂದ ಅಂಚೆಯಲ್ಲಿ 120 ಅಳತೆಯ ಒಂದು ರೋಲು ಫಿಲ್ಮು ತರಿಸಿದ್ದೆ. ಬೆನ್ನಿನ ಬಾಗಿಲು ತೆರೆದೆ. ರೋಲನ್ನು ಕೆಳಗೆ ಕೂರಿಸಿದೆ. ಅದರ ಕಾಗದದ ನಾಲಿಗೆಯನ್ನು ಎಳೆದು ಮೇಲಿನ ಸ್ಪೂಲಿಗೆ ಸಿಕ್ಕಿಸಬೇಕು. ಸ್ಪೂಲೇ ಇಲ್ಲ! ಈ ಫಿಲ್ಮು ಮುಗಿದ ಮೇಲೆ ಹಿಂದಕ್ಕೆ ಸುತ್ತಿಕೊಳ್ಳುವುದಲ್ಲ. ಒಂದು ಸ್ಪೂಲಿನಿಂದ ಇನ್ನೊಂದಕ್ಕೆ ದಾಟುತ್ತದೆ. ದಾಟಿ ಖಾಲಿಯಾದ ಸ್ಪೂಲು ಮುಂದಿನ ರೋಲಿಗೆ ಮನೆಯಾಗುತ್ತದೆ. ಹೀಗೆ ಒಂದರ ಖಾಲಿತನದ ಮೇಲೆ ಇನ್ನೊಂದರ ಬದುಕು. ನನ್ನ ಕೈಯಲ್ಲಿ ಹೊಸ ಫಿಲ್ಮು ಇತ್ತು, 80 ಎಂಎಂ ಲೆನ್ಸು ಇತ್ತು, ಸೆಕೆಂಡಿನ ಐನೂರನೇ ಒಂದು ಪಾಲಿನ ಶಟರ್ ಇತ್ತು. ಇಲ್ಲದೆ ಹೋದದ್ದು ಬೆರಳುದ್ದದ ಒಂದು ಬರೀ ಕೊಳವೆ.

ಅದನ್ನು ಹುಡುಕಲು ಮಾವನ ಮನೆಗೇ ಹೋದೆ. ಅತ್ತೆ ಅಟ್ಟ ತೋರಿಸಿದರು. ತಗಡಿನ ಟ್ರಂಕಿನೊಳಗೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮಿನ ಖಾಲಿ ರಟ್ಟಿನ ಪೆಟ್ಟಿಗೆಗಳು, ಅವುಗಳೊಳಗೆ ಒಟ್ಟು ಹದಿನಾಲ್ಕು ಖಾಲಿ ಸ್ಪೂಲುಗಳು. ಮಾವ ಏನನ್ನೂ ಬಿಸಾಡಿರಲಿಲ್ಲ. ಅದೇ ಟ್ರಂಕಿನಲ್ಲಿ ಉಪಯೋಗಿಸದ ಐದು ನೀಲಿ ಫ್ಲ್ಯಾಶ್ ಬಲ್ಬುಗಳೂ ಇದ್ದವು. ಇನ್ನೂ ಹಿಂದಿನ ಕ್ಯಾಮೆರಾದ ಕಾಲದವು. ಒಂದು ಬಲ್ಬು ಒಮ್ಮೆ ಮಾತ್ರ ಬೆಳಗುತ್ತದೆ, ಆಮೇಲೆ ಸುಟ್ಟು ಸುಕ್ಕಾಗುತ್ತದೆ. ಧಾರೆಯ ಹೊತ್ತಿಗೆ ಮಂಟಪದ ಮುಂದೆ ನಾವು ಮಕ್ಕಳೆಲ್ಲ ಕಾದು ನಿಲ್ಲುತ್ತಿದ್ದುದು ವಧೂವರರನ್ನು ನೋಡಲು ಅಲ್ಲ, ಬಿಸಿ ಆರಿದ ಬಲ್ಬು ಯಾರ ಪಾಲಿಗೆ ಎಂದು ನೋಡಲು. ಯಾಶಿಕಾದ ಪಕ್ಕದಲ್ಲಿ 'ಎಂ' ಮತ್ತು 'ಎಕ್ಸ್' ಎಂದು ಬರೆದ ಪುಟ್ಟ ಸನ್ನೆ ಇದೆ. ಬಲ್ಬು ಪೂರ್ತಿ ಉರಿಯಲು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆಯಾದರೂ ಸ್ವಲ್ಪ ಹೊತ್ತು ಬೇಕು. 'ಎಂ'ನಲ್ಲಿಟ್ಟರೆ ಶಟರ್ ಅಷ್ಟು ಹೊತ್ತು ತಡೆದು ತೆರೆಯುತ್ತದೆ. ಎಲೆಕ್ಟ್ರಾನಿಕ್ ಫ್ಲ್ಯಾಶಿಗೆ ಆ ತಾಳ್ಮೆ ಬೇಡ, ಅದಕ್ಕೆ 'ಎಕ್ಸ್'. ಆ ಐದು ಬಲ್ಬುಗಳನ್ನು ನಾನು ಇವತ್ತಿಗೂ ಉರಿಸಿಲ್ಲ. ಉರಿಸುವಷ್ಟು ದೊಡ್ಡ ಸಂದರ್ಭ ನಮ್ಮ ಮನೆಯಲ್ಲಿ ಇನ್ನೂ ಬಂದಿಲ್ಲ.

ಅಲ್ಲಿಂದ ನನಗೆ ಹುಚ್ಚು ಹತ್ತಿತು. ಬೆಂಗಳೂರಿಗೆ ಹೋದಾಗ ಭಾನುವಾರ ಬಿದ್ದರೆ ಚಿಕ್ಕಪೇಟೆಯ ಸಂಡೇ ಬಜಾರಿಗೆ ಹೋಗುವುದು, ಟಾರ್ಪಾಲಿನ ಮೇಲೆ ಹರಡಿದ ನಲ್ಲಿ, ಬೀಗ, ನಿಂತ ಗಡಿಯಾರಗಳ ನಡುವೆ ಕುಕ್ಕರಗಾಲಲ್ಲಿ ಕೂತು ಕೈಯಾಡಿಸುವುದು. ನನ್ನ ಕ್ಯಾಮೆರಾಕ್ಕೆ ಹಿಡಿಸುವ ಫಿಲ್ಟರಿಗೆ ಸಾಮಾನ್ಯ ತಿರುಪಿಲ್ಲ. ಬೇ ಒನ್ ಎಂಬ ಹಲ್ಲುಕಟ್ಟು. ಇಟ್ಟು ಸ್ವಲ್ಪ ತಿರುಗಿಸಿದರೆ ಕಚ್ಚಿಕೊಳ್ಳಬೇಕು. ಇದು ಮೂಲತಃ ಜರ್ಮನಿಯ ರೋಲಿಯವರ ಪದ್ಧತಿ, ಜಪಾನಿನವರು ಅದನ್ನೇ ಹಿಡಿದರು. ಹಾಗಾಗಿ ಅವರ ರೋಲಿಕಾರ್ಡ್ ಕ್ಯಾಮೆರಾದ ಬೇ ಒನ್ ಹುಡ್ಡು, ಅಂದರೆ ಲೆನ್ಸಿಗೆ ನೆರಳು ಕೊಡುವ ಕಟ್ಟು, ನನ್ನ ಬಡ ಯಾಶಿಕಾಕ್ಕೂ ಕೂರುತ್ತದೆ. ಒಂದು ದಿನ ಬಳಪದಂತೆ ಮಾಸಿದ ಚೌಕಾಕಾರದ ಕಪ್ಪು ತಗಡು ಕಣ್ಣಿಗೆ ಬಿತ್ತು. ಎತ್ತಿಕೊಂಡೆ. ಹುಡ್ಡೇ!

"ಎಷ್ಟಪ್ಪಾ ಇದು?"

"ಯಾವ್ದು ಸಾರ್, ಟಾರ್ಚ್ ಬಾಯಾ? ಐವತ್ ರೂಪಾಯ್ ಕೊಡಿ."

ಆಗಲೇ ನಾನು ಕೆಟ್ಟೆ. ಮುಖದಲ್ಲಿ ಸಂತೋಷ ತೋರಿಸಿಬಿಟ್ಟೆ. ಜೇಬಿಗೆ ಕೈಹಾಕುವಷ್ಟರಲ್ಲಿ ಟಾರ್ಚಿನ ಬಾಯಿ "ಫಾರಿನ್ ಮಾಲು" ಆಗಿ ಇನ್ನೂರಕ್ಕೆ ಏರಿತು. ಕೊಟ್ಟೆ. ಹಳೇ ಸಾಮಾನು ಕೊಳ್ಳುವವನಿಗೆ ಕಣ್ಣು ಎಷ್ಟು ಚುರುಕಾಗಿರಬೇಕೋ ಮುಖ ಅಷ್ಟೇ ಮಂಕಾಗಿರಬೇಕು.

ಹಳದಿ ಫಿಲ್ಟರು ಮಾವನದೇ. ಕಪ್ಪುಬಿಳುಪು ಫಿಲ್ಮಿಗೆ ನೀಲಿ ಆಕಾಶವೂ ಬಿಳಿ ಮೋಡವೂ ಹೆಚ್ಚು ಕಡಿಮೆ ಒಂದೇ. ಎರಡೂ ಬೆಳ್ಳಗೆ ಮೂಡುತ್ತವೆ. ಹಳದಿ ಗಾಜು ನೀಲಿಯನ್ನು ತಡೆದು ಆಕಾಶವನ್ನು ಕಪ್ಪಾಗಿಸುತ್ತದೆ, ಮೋಡ ಎದ್ದು ನಿಲ್ಲುತ್ತದೆ. ಸುಂಕವಾಗಿ ಅರ್ಧ ಬೆಳಕು ತೆಗೆದುಕೊಳ್ಳುತ್ತದೆ, ಅಷ್ಟೇ. ನವರಾತ್ರಿ ಕಳೆದು ಮಳೆ ಹಿಂದೆ ಸರಿದ ಮೇಲೆ ಕುಂದಾದ್ರಿಯ ನೆತ್ತಿಯ ಮೋಡವನ್ನು ಇದರ ಮೂಲಕ ಹಿಡಿದವರಿಗೆ ಆ ಸುಂಕ ಹೆಚ್ಚೆನಿಸುವುದಿಲ್ಲ.

ಇನ್ನು ಬ್ಯಾಟರಿ. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರಿಗೆ ಬೇಕಾದದ್ದು 1.35 ವೋಲ್ಟಿನ ಪಾದರಸದ ಸೆಲ್ಲು. ಪಾದರಸ ವಿಷವೆಂದು ಅದರ ತಯಾರಿಕೆ ನಿಂತುಹೋಗಿದೆ. ಹತ್ತಿರದ ನೆಂಟನೆಂದರೆ ಕಿವಿ ಕೇಳದವರ ಯಂತ್ರಕ್ಕೆ ಹಾಕುವ 675 ನಂಬರಿನ ಸೆಲ್ಲು. ಮೇಲೆ ಅಂಟಿಸಿದ ಚೀಟಿ ಕಿತ್ತರೆ ತೂತುಗಳಿಂದ ಗಾಳಿ ಹೋಗಿ ಜೀವ ಬರುತ್ತದೆ. ಗಾತ್ರ ಚಿಕ್ಕದು, ಸುತ್ತ ಒಂದು ರಬ್ಬರ್ ಉಂಗುರ ಕೂರಿಸಬೇಕು. ಶಿವಮೊಗ್ಗದ ಅಂಗಡಿಯಲ್ಲಿ ಕೇಳಿದಾಗ ಹುಡುಗಿ ಕರುಣೆಯಿಂದ ಕೇಳಿದಳು, "ಮನೇಲಿ ಯಾರಿಗೆ ಸಾರ್ ಕಿವಿ ಕೇಳಲ್ಲ?" ಕಿವಿಯಲ್ಲ, ಕಣ್ಣು ಕಾಣುವುದಿಲ್ಲ, ಕ್ಯಾಮೆರಾಕ್ಕೆ ಎಂದೆ. ಅವಳು ಬೇಗ ಚಿಲ್ಲರೆ ಕೊಟ್ಟು ಕಳಿಸಿದಳು.

ಕೂಡಿಸುವುದು ಸುಖದ ಕೆಲಸ. ಇಟ್ಟುಕೊಳ್ಳುವುದಿದೆಯಲ್ಲ, ಅದು ಮಲೆನಾಡಿನಲ್ಲಿ ಒಂದು ಯುದ್ಧ. ಆರಿದ್ರಾದಿಂದ ಆಶ್ಲೇಷದವರೆಗೆ ಮಳೆ ಹಿಡಿದರೆ ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಸ್ಟು ಬರುತ್ತದೆ, ಬೆಂಕಿಕಡ್ಡಿ ಗೀರಿದರೆ ಮೆತ್ತಗೆ ಒರೆಸಿಕೊಂಡು ಹೋಗುತ್ತದೆ. ಅಡಿಕೆ, ಕಾಳುಮೆಣಸು ಕಾಪಾಡಿಕೊಳ್ಳಲು ಒದ್ದಾಡುವ ಊರಿನಲ್ಲಿ ಲೆನ್ಸಿನ ಪಾಡು ಕೇಳುವವರ್ಯಾರು? ಗಾಳಿಯ ತೇವ ನೂರಕ್ಕೆ ಎಪ್ಪತ್ತು ದಾಟಿ ಹಾಗೇ ನಿಂತರೆ ಗಾಜಿನ ಮೇಲೆ ಫಂಗಸ್ಸು ಚಿಗುರುತ್ತದೆ. ಜೇಡರಬಲೆಯ ಎಳೆಯಂತೆ ನೋಡಲು ನಾಜೂಕು. ಆದರೆ ಅದು ಉಗುಳುವ ಆಮ್ಲ ಲೆನ್ಸಿನ ಲೇಪವನ್ನೂ ಆಮೇಲೆ ಗಾಜನ್ನೂ ಕೊರೆಯುತ್ತದೆ. ನಲವತ್ತರಿಂದ ಐವತ್ತರ ನಡುವೆ ತೇವ ನಿಲ್ಲಿಸುವ ವಿದ್ಯುತ್ ಕಪಾಟುಗಳಿವೆ. ಮಳೆಗಾಲದಲ್ಲಿ ನಮ್ಮೂರಿನ ಕರೆಂಟಿಗೇ ಒಂದು ಕಪಾಟು ಬೇಕು.

ಆದ್ದರಿಂದ ನಾನು ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿಗಳನ್ನೂ ಸಿಲಿಕಾ ಜೆಲ್ಲಿನ ನೀಲಿ ಹರಳುಗಳನ್ನೂ ತಂದೆ. ತೇವ ಕುಡಿದಂತೆ ನೀಲಿ ಹರಳು ಗುಲಾಬಿಯಾಗುತ್ತದೆ. ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿ. ಮೊದಲ ಸಲ ನಾನು ಒಗ್ಗರಣೆಯ ಬಾಣಲೆಯಲ್ಲಿ ಹುರಿಯುತ್ತಿದ್ದೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟ ಹೆಂಡತಿ ಬಂದು ನೋಡಿದಳು.

"ಆ ನೀಲಿ ಬಣ್ಣ ಎಂಥದ್ದು ಗೊತ್ತುಂಟಾ ನಿಮಗೆ? ಕೋಬಾಲ್ಟ್ ಕ್ಲೋರೈಡ್. ವಿಷ. ಇನ್ನು ಆ ಬಾಣಲೆ ನಿಮ್ಮದು. ಒಲೆಯೂ ಹೊರಗೆ."

ಹೀಗೆ ಬಾಣಲೆಯೂ ಒಂದು ಸೀಮೆಎಣ್ಣೆ ಸ್ಟೌವೂ ದಿಬ್ಬಣ ಸೇರಿದವು. ಫಿಲ್ಟರುಗಳು ಮಾವನ ಅಲ್ಯೂಮಿನಿಯಂ ಫಿಲ್ಮ್ ಡಬ್ಬಿಗಳ ಪಕ್ಕ ಕೂತವು. ಅಂಥ ಡಬ್ಬಿಗಳಲ್ಲಿ ಎಷ್ಟೋ ಮನೆಗಳ ಏಲಕ್ಕಿ, ಕುಂಕುಮ ಬಾಳಿ ಬದುಕಿವೆ. ನಾನು ಅತ್ತೆಯ ಅಡುಗೆಮನೆಯಿಂದ ಮೂರನ್ನು ಬಿಡಿಸಿ ತಂದೆ, ಲವಂಗದ ವಾಸನೆ ಇನ್ನೂ ಹೋಗಿಲ್ಲ. ನುಸಿಗುಳಿಗೆ ಹಾಕಲಿಲ್ಲ, ಅದರ ಆವಿ ಗಾಜಿನ ಮೇಲೆ ಕೂರುತ್ತದೆ. ರಬ್ಬರ್ ಬ್ಯಾಂಡು ಸುತ್ತಲಿಲ್ಲ, ಅದು ಕರಗಿ ಅಂಟುತ್ತದೆ. ಶಟರನ್ನು ಬಿಗಿದು ಇಡಲಿಲ್ಲ, ಸ್ಪ್ರಿಂಗು ದಣಿಯುತ್ತದೆ. ಇಷ್ಟೆಲ್ಲ ತಿಳಿದವನು ಒಂದು ಕಡೆ ಎಡವಿದೆ.

ಕ್ಯಾಮೆರಾಕ್ಕೆ ಮೈಗೊಪ್ಪುವ ಅಸಲಿ ಚರ್ಮದ ಚೀಲ ಸಿಕ್ಕಿತು. ಕಂದು ಬಣ್ಣ, ಒಳಗೆ ಕೆಂಪು ಮಖಮಲ್ಲು, ಮೂತಿಯ ಹತ್ತಿರ ಯಾಶಿಕಾ ಎಂದು ಅಚ್ಚು. ಕೊಂಡ ಎಲ್ಲ ಸಾಮಾನಿಗಿಂತ ಅದಕ್ಕೇ ಹೆಚ್ಚು ದುಡ್ಡು ಕೊಟ್ಟಿದ್ದೆ. ಮಾವನ ಬೈರಾಸು ನೋಡಿದಾಗಲೆಲ್ಲ ಮನಸ್ಸಿಗೆ ಕಸಿವಿಸಿಯಾಗುತ್ತಿತ್ತು. ಇಡೀ ಜೀವನ ಅನ್ನ ಹಾಕಿದ ಯಂತ್ರಕ್ಕೆ ಒಂದು ಚೀಲ ಹೊಲಿಸಲಿಲ್ಲವಲ್ಲ ಎಂದು. ಬೈರಾಸನ್ನು ತೆಗೆದು ಒರೆಸುವ ಬಟ್ಟೆಗಳ ಗಂಟಿಗೆ ಹಾಕಿದೆ. ಕ್ಯಾಮೆರಾವನ್ನು ಚೀಲಕ್ಕಿಳಿಸಿ, ಗುಂಡಿ ಒತ್ತಿ, ಕಪಾಟಿನ ಮೇಲಿನ ಅರೆಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟೆ. ಡಬ್ಬಿಯೊಳಗೆ ಇಟ್ಟರೆ ಚೀಲ ಕಾಣುವುದಿಲ್ಲವಲ್ಲ!

ಆ ಮಳೆಗಾಲ ಮುಗಿದು ಆಯುಧಪೂಜೆಗೆಂದು ಚೀಲ ಬಿಚ್ಚಿದೆ. ಮಖಮಲ್ಲಿನ ಮೇಲೆ ಬೂದಿ ಚೆಲ್ಲಿದಂತೆ ಬೂಸ್ಟು. ಮೇಲಿನ ಕಣ್ಣಿನ ಅಂಚಿನಲ್ಲಿ ಎರಡು ಬಿಳಿ ಎಳೆ. ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಒಳಗೆ ಕತ್ತಲೆ, ಗಾಳಿಯಿಲ್ಲ. ಬೂಸ್ಟಿಗೆ ಅದಕ್ಕಿಂತ ಒಳ್ಳೆಯ ಮನೆ ಕಟ್ಟಿಸಿಕೊಡಲು ಸಾಧ್ಯವಿರಲಿಲ್ಲ. ಬೆಂಗಳೂರಿನ ರಿಪೇರಿಯವರು ಬಿಚ್ಚಿ ಒರೆಸಿ, "ಗಾಜು ತಿಂದಿಲ್ಲ, ಬೇಗ ತಂದ್ರಿ" ಎಂದರು. ಚಿತ್ರ ಹಿಡಿಯುವ ಕೆಳಗಿನ ಕಣ್ಣು ಉಳಿದಿತ್ತು.

ವಿಷಯ ಕೇಳಿ ಅತ್ತೆ ನಕ್ಕರು. "ಅವರು ಚೀಲ ಇಲ್ದೆ ಇಟ್ಟದ್ದಲ್ಲ ಮಾರಾಯ. ಕ್ಯಾಮೆರಾ ಜೊತೆಗೇ ಬಂದಿತ್ತು. ಒಂದು ಮಳೆಗಾಲಕ್ಕೇ ಬೂಸ್ಟು ಬಂತು ಅಂತ ಬಿಸಾಡಿದ್ರು. ಆಮೇಲೆ ಬೈರಾಸು ಸುತ್ತಿ ಒಲೆ ಆಚೆಗಿನ ಗೋಡೆಗೆ ನೇತು ಹಾಕ್ತಿದ್ರು. ವಾರಕ್ಕೊಂದು ಸಲ ಬಿಚ್ಚಿ ಕೀಲಿ ತಿರುಗಿಸಿ, ಬಿಸಿಲು ಇದ್ರೆ ಜಗಲಿಗೆ ತರ್ತಿದ್ರು."

ಏನನ್ನೂ ಬಿಸಾಡದ ಮಾವ ಬಿಸಾಡಿದ್ದು ಅದೊಂದನ್ನೇ. ಅದನ್ನೇ ಹುಡುಕಿ, ದುಡ್ಡು ಕೊಟ್ಟು ತಂದವನು ನಾನು.

ಬೈರಾಸನ್ನು ಒರೆಸುವ ಬಟ್ಟೆಗಳ ಗಂಟಿನಿಂದ ಹುಡುಕಿ ತೆಗೆದು, ಒಗೆದು ಒಣಗಿಸಿದೆ. ಆ ವರ್ಷವೇ ಹೆಂಡತಿ ಇನ್ನೊಂದು ಪ್ರಶ್ನೆ ಕೇಳಿದ್ದಳು: "ಇಷ್ಟೆಲ್ಲ ಸಾಮಾನು ಸೇರಿಸಿದ್ರಲ್ಲ, ಈ ವರ್ಷ ತೆಗೆದ ಫೋಟೋ ಎಷ್ಟು?" ಲೆಕ್ಕ ಸುಲಭವಿತ್ತು. ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರ. ಆ ವರ್ಷ ಅರ್ಧ ರೋಲೂ ಮುಗಿದಿರಲಿಲ್ಲ. ದಿಬ್ಬಣಕ್ಕೆ ಊಟ ಬಡಿಸುವುದರಲ್ಲಿ ಮದುವೆಯೇ ಮರೆತುಹೋಗಿತ್ತು.

ಈಗ ಜೋಡಿ ಸಿಗದ ಲೆನ್ಸುಗಳನ್ನು ಕೊಳ್ಳುವುದು ಬಿಟ್ಟಿದ್ದೇನೆ. ಫಿಲ್ಟರು, ಹುಡ್ಡು ಡಬ್ಬಿಯಲ್ಲಿವೆ, ಹರಳು ಗುಲಾಬಿಯಾದ ದಿನ ಹೊರಗಿನ ಸ್ಟೌ ಹೊತ್ತುತ್ತದೆ. ಕ್ಯಾಮೆರಾ ಬೈರಾಸು ಸುತ್ತಿಕೊಂಡು ಗೋಡೆಯಲ್ಲಿ ನೇತಾಡುತ್ತಿದೆ. ಪ್ರತಿ ಭಾನುವಾರ ಅದರ ಕೀಲಿ ತಿರುಗುತ್ತದೆ. ಒಳಗಿನ ರೋಲಿನಲ್ಲಿ ಏಳು ಚಿತ್ರ ಮುಗಿದಿವೆ, ಐದು ಉಳಿದಿವೆ. ಚರ್ಮದ ಚೀಲವನ್ನು ಬಿಸಾಡಲು ನನಗೆ ಮಾವನಷ್ಟು ಧೈರ್ಯವಿಲ್ಲ. ಅದರಲ್ಲಿ ಕರೆಂಟು ಬಿಲ್ಲುಗಳಿವೆ.