ಮುಠಾ ಕಾಲುವೆಯಲ್ಲಿ ನೌಕಾವಿಹಾರ

ನನ್ನ ಹೆಂಡತಿಯ ಅಣ್ಣನ ಮಗ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾನೆ. ಅಲ್ಲಿ ಊರ ನಡುವಿನ ಹಳೆಯ ಕಾಲುವೆಗಳಲ್ಲಿ 7 ಅಡಿ ಅಗಲದ, 70 ಅಡಿಯವರೆಗೂ ಉದ್ದದ ದೋಣಿ ಬಾಡಿಗೆಗೆ ಹಿಡಿದು, ಗಂಟೆಗೆ 4 ಮೈಲಿ ಮೀರದಂತೆ ದಿನವಿಡೀ ತೇಲುತ್ತಾರಂತೆ. ಏರು ಬಂದಲ್ಲಿ ಲಾಕ್ ಎಂಬ ತೊಟ್ಟಿ. ದೋಣಿಯನ್ನು ಒಳಗೆ ತಂದು, ಹಿಂದಿನ ಬಾಗಿಲು ಹಾಕಿ, ಮೇಲಿನಿಂದ ನೀರು ಬಿಟ್ಟರೆ ಅದು ತಾನಾಗಿ ಮೇಲೇಳುತ್ತದೆ. “ಕೀಲಿ ತಿರುವೋದೂ ನಾವಽ ಮಾಮಾ” ಎಂದ ಹೆಮ್ಮೆಯಿಂದ.

“ಕಾಲುವಿ ನಮ್ಮ ಪುಣೆದಾಗೂ ಅದ” ಎಂದೆ. ಈ ಊರಿನ ನೀರು ಕುಡಿದವರಿಗೆ ಯಾವ ವಿಷಯದಲ್ಲೂ ಸೋಲೊಪ್ಪುವ ಅಭ್ಯಾಸ ತಪ್ಪಿಹೋಗುತ್ತದೆ.

ಇರುವುದಂತೂ ನಿಜ. ಖಡಕವಾಸ್ಲಾ ಅಣೆಕಟ್ಟಿನಿಂದ ಹೊರಡುವ ಮುಠಾ ಬಲದಂಡೆ ಕಾಲುವೆ ಊರನ್ನು ಹಾದು, ಹಡಪಸರ ದಾಟಿ, ಇಂದಾಪುರದ ಕಡೆಗೆ 202 ಕಿ.ಮೀ. ಸಾಗುತ್ತದೆ. ಆದರೆ 1870ರ ದಶಕದಲ್ಲಿ ಅಣೆಕಟ್ಟು ಕಟ್ಟಿಸಿದ ಕರ್ನಲ್ ಫೈಫ್ ಸಾಹೇಬರ ಮನಸ್ಸಿನಲ್ಲಿದ್ದದ್ದು ದಂಡಿನ ನಲ್ಲಿ ಮತ್ತು ಬರಗಾಲದ ಹೊಲ, ವಿಹಾರವಲ್ಲ. ಅತ್ತ ಆರ್ಥರ್ ಕಾಟನ್ ಸಾಹೇಬರು ಈ ದೇಶಕ್ಕೆ ರೈಲಿಗಿಂತ ದೋಣಿಯೇ ಮೇಲೆಂದು ಜೀವಮಾನವಿಡೀ ವಾದಿಸಿದರು. ನಮ್ಮ ತುಂಗಭದ್ರೆಯ ನೀರು ಕುಡಿಯುವ ಕರ್ನೂಲು–ಕಡಪಾ ಕಾಲುವೆಯನ್ನು ದೋಣಿ ಓಡಾಡಲೆಂದೂ ತೋಡಿದ್ದರು. ಪುಣೆಗೆ ಮಾತ್ರ 1858ರಲ್ಲೇ ರೈಲು ಬಂದುಬಿಟ್ಟಿತ್ತು. ಹೀಗಾಗಿ ನಮ್ಮದು ಲಾಕೂ ಇಲ್ಲದ, ದೋಣಿಯೂ ಇಲ್ಲದ ಕಾಲುವೆ.

ದೋಣಿ ಇಲ್ಲದಿದ್ದರೇನು, ದಂಡೆ ಇದೆಯಲ್ಲ. ಮೂರನೇ ಮಾಳಿಗೆಯ ಕಾಕಾ ಜೊತೆಯಾದರು. ನಿವೃತ್ತರು, ಅಪ್ಪಟ ಪುಣೇಕರ್. “ಮೊದಲು ಆವರ್ತನ ಇದೆಯೇ ನೋಡಿ” ಎಂದರು. ನೀರಾವರಿ ಇಲಾಖೆ ಪಾಳಿಯ ಮೇಲೆ ನೀರು ಬಿಟ್ಟಾಗಲೇ ಕಾಲುವೆ ಕಾಲುವೆ. ಇಲ್ಲದಾಗ ಹುಡುಗರಿಗೆ ಕ್ರಿಕೆಟ್ ಮೈದಾನ. ಯಾವಾಗ ಬಿಡಬೇಕು, ಪುಣೆಗೆಷ್ಟು, ದೌಂಡ–ಇಂದಾಪುರದ ಕಬ್ಬಿಗೆಷ್ಟು ಎಂಬ ಜಗಳ ಪ್ರತಿ ಬೇಸಿಗೆ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ನನ್ನ ಹೆಂಡತಿ ಛತ್ರಿ ಕೊಟ್ಟು, “ದೋಣಿ ಸಿಕ್ಕರ ನನಗೂ ಕರೀರಿ” ಎಂದು ಬಾಗಿಲು ಹಾಕಿಕೊಂಡಳು.

ಖಡಕವಾಸ್ಲಾದಲ್ಲಿ ಬಸ್ಸಿಳಿದು ಕಾಂದಾ ಭಜಿ ತಿನ್ನುವಾಗ ನಾನು ವಿಶ್ವೇಶ್ವರಯ್ಯನವರ ಮಾತು ತೆಗೆದೆ. ಕನ್ನಡಿಗ ಇಲ್ಲಿಗೆ ಬಂದು ಅದನ್ನು ತೆಗೆಯದಿದ್ದರೆ ಭಜಿ ಅರಗುವುದಿಲ್ಲ. ನೆರೆ ಏರಿದರೆ ತಾವಾಗಿ ತೆರೆದು, ಇಳಿದರೆ ತಾವಾಗಿ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅವರು ಮೊದಲು ಕೂಡಿಸಿದ್ದು ಇದೇ ಅಣೆಕಟ್ಟಿಗೆ, 1903ರಲ್ಲಿ. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಂತಿತು. ಬರ್ಮಿಂಗ್‌ಹ್ಯಾಮಿನವರು ಇನ್ನೂ ಕೈಯಿಂದ ಕೀಲಿ ತಿರುವುತ್ತಾರೆ! ಕಾಕಾ ಭಜಿ ಕೆಳಗಿಡದೆ, “ಓದಿದ್ದು ನಮ್ಮ ಪುಣೆ ಕಾಲೇಜಿನಲ್ಲಿ” ಎಂದರು. ಅದೂ ನಿಜವೇ.

ವಡಗಾಂವದ ಹತ್ತಿರ ನಮಗೊಂದು ನೌಕೆ ಸಿಕ್ಕಿತು. ಅರಿಶಿನ ಕುಂಕುಮ ಹಚ್ಚಿದ, ಜುಟ್ಟಿರುವ ತೆಂಗಿನಕಾಯಿ. ಯಾರೋ ಪೂಜೆ ಮಾಡಿ ಬಿಟ್ಟಿದ್ದು, ಕಂದು ನೀರಿನಲ್ಲಿ ಜುಟ್ಟು ಹಿಂದೆ ಮಾಡಿಕೊಂಡು ನಮ್ಮ ನಡಿಗೆಯ ವೇಗಕ್ಕೆ ಸರಿಯಾಗಿ ಹೊರಟಿತ್ತು. ನಾವೂ ಬೆನ್ನು ಹತ್ತಿದೆವು. ಸೇತುವೆಯೊಂದರ ಕೆಳಗೆ ಅಡ್ಡ ಬಿದ್ದ ಪೈಪಿಗೆ ಥರ್ಮೋಕೋಲ್ ತಟ್ಟೆ, ಚೆಂಡುಹೂವಿನ ಹಾರ, ಒಂಟಿ ಚಪ್ಪಲಿ ಜಮಾಯಿಸಿದ್ದವು. ಕಾಯಿ ಅಲ್ಲಿಯೇ ಸುತ್ತತೊಡಗಿತು. ಕಾಕಾ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ನಾಲಿಗೆ ಹೊರಚಾಚಿ, ಛತ್ರಿಯ ತುದಿಯಿಂದ ಚಪ್ಪಲಿಯನ್ನು ಒಂದು ಕಡೆ ಸರಿಸಿ ಕಾಯಿಯನ್ನು ಮೆಲ್ಲಗೆ ನೂಕಿದರು. “ಲಾಕ್ ದಾಟಿತು!” ಎಂದು ಕೂಗಿದೆ. ಮೀನು ಹಿಡಿಯುತ್ತಿದ್ದವನೊಬ್ಬ ನಮ್ಮಿಬ್ಬರನ್ನೂ ಕರುಣೆಯಿಂದ ನೋಡಿದ.

ಪರ್ವತಿ ಗುಡ್ಡದ ಬುಡ, ಜನತಾ ವಸಾಹತು. 2018ರ ಸೆಪ್ಟೆಂಬರ್ 27ರಂದು ಇಲ್ಲೇ ದಂಡೆ ಒಡೆದು ನೀರು ದಾಂಡೇಕರ ಸೇತುವೆ ಬಳಿಯ ಮನೆಗಳಿಗೆ ನುಗ್ಗಿತ್ತು. ಮಂತ್ರಿಗಳು ಇಲಿ, ಏಡಿಗಳ ಬಿಲವೇ ಕಾರಣವೆಂದರು. ಪಾತ್ರೆ, ಹಾಸಿಗೆ, ಮಕ್ಕಳ ಪಾಟಿಚೀಲ ಕಳೆದುಕೊಂಡವರು ಯಾವ ಏಡಿಯನ್ನು ಹಿಡಿಯಬೇಕು? ಅಲ್ಲಿಯ ಹುಡುಗನೊಬ್ಬ ಎರಡು ಮೆಟ್ಟಿಲಿಳಿದು ನಮ್ಮ ನೌಕೆಯನ್ನು ಎತ್ತಿ ಕಿವಿಯ ಹತ್ತಿರ ಅಲುಗಾಡಿಸಿ, ನೀರಿದೆಯೆಂದು ಖಾತ್ರಿ ಮಾಡಿಕೊಂಡು ಓಡಿದ. ಹಡಗು ಮುಳುಗಲಿಲ್ಲ; ಚಟ್ನಿಯಾಯಿತು.

ಸಾರಸಬಾಗ ಅಲ್ಲಿಗೆ ಹತ್ತಿರವೇ. ಅಲ್ಲಿಯ ಗಣಪತಿ ಗುಡಿಯ ಸುತ್ತ ಪೇಶ್ವೆಗಳ ಕಾಲದಲ್ಲಿ ದೊಡ್ಡ ಕೆರೆಯಿತ್ತು. ಅವರು ದೋಣಿಯಲ್ಲಿ ಕೂತು ರಾಜ್ಯದ ಗುಟ್ಟು ಮಾತಾಡುತ್ತಿದ್ದರಂತೆ. ಹುಟ್ಟು ಹಾಕುವವರು ಮರಾಠಿ ಬಾರದ ಸಿದ್ದಿಗಳು. ನಮ್ಮ ಯಲ್ಲಾಪುರದ ಸಿದ್ದಿಗಳ ಅಚ್ಚ ಕನ್ನಡ ಕೇಳಿದ ನನಗೆ, ಆ ಅಂಬಿಗರಿಗೂ ಎಲ್ಲ ತಿಳಿಯುತ್ತಿತ್ತೆಂದೇ ಗುಮಾನಿ.

ಎಡದಂಡೆಯ ಕಾಲುವೆಯಂತೂ ಎರಂಡವಣೆಯ ಕಡೆ ಬರೀ ಕೆನಾಲ್ ರಸ್ತೆಯಾಗಿ ಉಳಿದಿದೆ. ಅಲ್ಲಿ ಈಗ ರಿಕ್ಷಾಗಳು ತೇಲುತ್ತವೆ. ಬಲದಂಡೆಗೂ ಅದೇ ಗತಿ ಬರುವಂತಿದೆ. ಸೋರಿಕೆ, ಆವಿ, ಕಳವು ತಪ್ಪಿಸಲು ಖಡಕವಾಸ್ಲಾದಿಂದ ಫುರಸುಂಗಿಗೆ ಸುರಂಗ ತೋಡುವ ಯೋಜನೆಯಿದೆ. ಲೆಕ್ಕ ಸರಿಯೇ, ವಿಶ್ವೇಶ್ವರಯ್ಯನವರೂ ಒಪ್ಪುತ್ತಿದ್ದರೇನೋ. ಆದರೂ ಸ್ವಾರಗೇಟಿನ ಗದ್ದಲದ ನಡುವೆ ಎರಡು ಗೋಡೆಗಳ ಮಧ್ಯೆ ಸುಮ್ಮನೆ ಹರಿಯುವ ನೀರನ್ನು ಕಂಡು ನನಗೆ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು. ಹಾಗೆಂದು ಕಾಕಾನ ಮುಂದೆ ಹೇಳಿಯೂ ಬಿಟ್ಟೆ.

ಅವರು ಬೆವರು ಒರೆಸಿಕೊಂಡು, ಬಹಳ ಹೊತ್ತು ಯೋಚಿಸಿ ಕೇಳಿದರು: “ಆವರ್ತನ ಇಲ್ಲದ ದಿನ ಸುರಂಗದೊಳಗೆ ನಡೆಯಲು ಬಿಡುತ್ತಾರೆಯೇ? ಬಿಸಿಲಂತೂ ಇರುವುದಿಲ್ಲ, ನೋಡಿ.”