ಪುಷ್ಪಕದ ಮುಸುಕು

ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿಬೆಟ್ಟದ ನೆತ್ತಿಯಲ್ಲಿ ಮಂಜು ಕರಗುವ ವೇಳೆಗೆ ನಿಂತವರಿಗೆ ಒಂದು ಸೀಮೆಯೇ ಕಾಲ ಕೆಳಗೆ ತೆರೆದುಕೊಳ್ಳುತ್ತದೆ. ಈಶಾನ್ಯಕ್ಕೆ ಚಿಕ್ಕಬಳ್ಳಾಪುರ, ಪೂರ್ವಕ್ಕೆ ಹಿಪ್ಪುನೇರಳೆ ತೋಟಗಳ ನಡುವೆ ರೇಷ್ಮೆಯ ಶಿಡ್ಲಘಟ್ಟ, ಅದರಾಚೆ ಚಿಂತಾಮಣಿ, ವಾಯವ್ಯಕ್ಕೆ, ಬೆಟ್ಟಸಾಲಿನ ಮರೆಯಲ್ಲಿ, ಗೌರಿಬಿದನೂರು. ಪ್ರವಾಸಿಗೆ ಇದು ಕಣ್ಣಿನ ಹಬ್ಬ. ಒಂದೇ ಎಂಜಿನ್ನಿನ ಪುಟ್ಟ ವಿಮಾನವನ್ನು ಇದರ ಮೇಲೆ ನಡೆಸುವವನಿಗಾದರೋ ಇನ್ನೊಂದು ಚಿಂತೆ. ಎಂಜಿನ್ ನಿಂತರೆ ಇಳಿಯುವುದೆಲ್ಲಿ? ಬಂಡೆಗುಡ್ಡಗಳು, ಮಾವಿನ ತೋಪುಗಳು, ಕಲ್ಲುಕಂಬದ ದ್ರಾಕ್ಷಿ ಚಪ್ಪರಗಳು. ನಡುವೆ ಬತ್ತಿದ ಕೆರೆಯಂಗಳವೊಂದು ಸಿಕ್ಕರೆ ಅದೇ ಪುಣ್ಯ.

ಈ ಸೀಮೆಗೂ ವಿಮಾನಕ್ಕೂ ಇರುವ ನಂಟು ಹಳೆಯದು. ಬೆಟ್ಟದ ಸಮೀಪದ ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರು 1861ರಲ್ಲಿ ಜನಿಸಿದ ಊರು. 1930ರ ದಶಕದಲ್ಲಿ ಅವರು ಉದ್ಯಮಿ ವಾಲ್‌ಚಂದ್ ಹೀರಾಚಂದರೊಡನೆ ಮೋಟಾರು ಕಾರ್ಖಾನೆಯೊಂದಕ್ಕೆ ಯತ್ನಿಸಿದರು. ಮೈಸೂರು ಸಂಸ್ಥಾನದಲ್ಲಿ ಅದು ಕೈಗೂಡಲಿಲ್ಲ. ಆದರೆ 1940ರ ಡಿಸೆಂಬರಿನಲ್ಲಿ ಅದೇ ವಾಲ್‌ಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಡಾ. ವಿ. ಎಂ. ಘಾಟಗೆಯವರ ಕಾಲದಲ್ಲಿ ಅಲ್ಲಿ ರೂಪುಗೊಂಡ ಲಘುವಿಮಾನವೇ ಪುಷ್ಪಕ. ಅದರ ಮೊದಲ ಹಾರಾಟ 1958ರ ಸೆಪ್ಟೆಂಬರ್ 28ರಂದು. ಮೇಲ್ಗಡೆ ರೆಕ್ಕೆ, ಬಟ್ಟೆ ಹೊದಿಸಿದ ಮೈ, ಅಕ್ಕಪಕ್ಕ ಇಬ್ಬರಿಗೆ ಆಸನ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ದೇಶದ ಹಾರಾಟ ಕ್ಲಬ್ಬುಗಳಿಗಾಗಿ ನೂರೈವತ್ತಕ್ಕೂ ಹೆಚ್ಚು ಪುಷ್ಪಕಗಳು ತಯಾರಾದವು.

ಇಂಥ ವಿಮಾನದ ಮೂತಿಯನ್ನು ಮುಚ್ಚುವ ಲೋಹದ ಮುಸುಕಿಗೆ ಕೌಲಿಂಗ್ ಎಂದು ಹೆಸರು. ಅದು ಕೇವಲ ಅಂದಕ್ಕೆಂದು ಭಾವಿಸುವವರುಂಟು. ಈ ಎಂಜಿನ್ನಿಗೆ ಕಾರಿನಂತೆ ನೀರಿನ ರೇಡಿಯೇಟರ್ ಇಲ್ಲ. ಗಾಳಿಯೇ ಅದನ್ನು ತಣಿಸಬೇಕು. ಮುಂದಿನ ಕಿಂಡಿಗಳಿಂದ ನುಗ್ಗಿದ ಗಾಳಿ ಸಿಲಿಂಡರುಗಳ ಮೇಲೆ ತುಂಬಿ, ಅವುಗಳ ರೆಕ್ಕೆಯಂಥ ಅಂಚುಗಳ ಸಂದಿನಲ್ಲಿ ಕೆಳಗಿಳಿದು, ಹೊಟ್ಟೆಯ ಕಂಡಿಯಿಂದ ಹೊರಬೀಳುತ್ತದೆ. ಆ ದಾರಿ ತಪ್ಪದಂತೆ ಒಳಗೆ ಅಡ್ಡತಗಡುಗಳೂ ಅಂಚುಗಳಿಗೆ ರಬ್ಬರಿನ ಪಟ್ಟಿಗಳೂ ಇರುತ್ತವೆ. ಪಟ್ಟಿ ಹರಿದರೆ ಗಾಳಿ ಸಂದಿನಲ್ಲಿ ಸೋರಿಹೋಗಿ ಸಿಲಿಂಡರ್ ಕಾಯುತ್ತದೆ. ನೆಲವೇ ಸುಮಾರು 900 ಮೀಟರ್ ಎತ್ತರವಿರುವ ಈ ಪ್ರಸ್ಥಭೂಮಿಯಲ್ಲಿ, ಚೈತ್ರದ ಮಧ್ಯಾಹ್ನದ ತೆಳುಗಾಳಿಯಲ್ಲಿ, ಎಂಜಿನ್ನಿನ ಬಲವೂ ಕುಗ್ಗುತ್ತದೆ, ತಣಿಸುವ ಗಾಳಿಯೂ ಕಡಮೆಯಾಗುತ್ತದೆ.

ಮುಸುಕಿನ ಮುಖ್ಯ ಶತ್ರು ಎಂಜಿನ್ನಿನ ನಡುಕ. ಸಾಮಾನ್ಯವಾಗಿ ಒಂದು ಮಿಲಿಮೀಟರಿಗೂ ತೆಳುವಾದ ಅಲ್ಯೂಮಿನಿಯಂ ತಗಡು ಸ್ಕ್ರೂಗಳ ತೂತಿನ ಬಳಿ ಕೂದಲೆಳೆಯಂತೆ ಬಿರಿಯುತ್ತದೆ. ಬಿರುಕಿನ ತುದಿಯಲ್ಲಿ ಸುಮಾರು ಮೂರು ಮಿಲಿಮೀಟರಿನ ರಂಧ್ರ ಕೊರೆದರೆ ಅದು ಮುಂದೆ ಓಡದೆ ನಿಲ್ಲುತ್ತದೆ; ಬಳಿಕ ಅದೇ ಜಾತಿಯ ತಗಡಿನ ತೇಪೆಯನ್ನು ಒಳಗಿನಿಂದ ಇಟ್ಟು ರಿವೆಟ್ ಹೊಡೆಯಬೇಕು. ಅಳತೆಯ ಗೆರೆಯನ್ನು ಮೊನೆಯಿಂದ ಗೀರಬಾರದು, ಆ ಗೀರೇ ನಾಳಿನ ಬಿರುಕು. ಸೀಸದ ಕಡ್ಡಿಯೂ ಸಲ್ಲದು, ಅದರ ಪುಡಿ ಲೋಹವನ್ನು ತಿನ್ನುತ್ತದೆ.

ತೇಪೆಗೂ ನಿಲ್ಲದಷ್ಟು ಜೀರ್ಣವಾದಾಗ ಹೊಸದನ್ನೇ ಮಾಡಬೇಕು. 2008ರಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಬಂದಿಳಿಯುವ ಜೆಟ್ ವಿಮಾನಗಳಿಗೆ ಬಿಡಿಭಾಗಗಳು ತಯಾರಕರಿಂದಲೇ ಬರುತ್ತವೆ. ತಯಾರಿಕೆ ನಿಂತು ದಶಕಗಳಾದ ಪುಷ್ಪಕಕ್ಕೆ ಆ ಭಾಗ್ಯವಿಲ್ಲ. ಹಳೆಯ ತುಂಡೇ ಹೊಸದಕ್ಕೆ ಮಾದರಿ. ಅದರ ಮೇಲೆ ಕಾಗದವಿಟ್ಟು ಆಕಾರ ತೆಗೆದು, ಮರದ ಅಚ್ಚು ಕಡೆದು, ಮೆದು ಜಾತಿಯ ತಗಡನ್ನು ಮರಳಿನ ಚೀಲದ ಮೇಲೆ ಕೊಡತಿಯಿಂದ ತಟ್ಟುತ್ತ ಬಾಗಿಸಬೇಕು. ತಟ್ಟಿದಂತೆಲ್ಲ ತಗಡು ಗಡುಸಾಗಿ ಸೀಳಲು ಸಿದ್ಧವಾಗುತ್ತದೆ. ಆಗ ಅದನ್ನು ಕಾಯಿಸಿ ಮೆದುಗೊಳಿಸಬೇಕು. ಕಷ್ಟವೆಂದರೆ, ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ, ಥಟ್ಟನೆ ಕರಗಿಬಿಡುತ್ತದೆ. ಅದಕ್ಕಾಗಿ ಕುಶಲಿಗಳು ಮೊದಲೇ ಸೋಪು ಸವರುತ್ತಾರೆ. ಸೋಪು ಕಪ್ಪಾದೊಡನೆ ಜ್ವಾಲೆಯನ್ನು ತೆಗೆಯಬೇಕು. ಗೂಡು ಬೇಯುವ ನೀರಿನ ಹದವನ್ನು ಶಿಡ್ಲಘಟ್ಟದ ನೂಲು ಬಿಚ್ಚುವವರು ಅರಿಯುವಂತೆ ಇದೂ ಕೈಗೂಡಿದ ಅರಿವು.

ಕೊನೆಗೆ ಹೊಸ ಮುಸುಕನ್ನು ತೊಡಿಸಿ, ಹೊಗೆಕೊಳವೆಗೆ ತಾಗುವುದೋ, ಕೊಂಡಿಗಳು ಸಡಿಲವೋ ಎಂದು ಪರೀಕ್ಷಿಸಬೇಕು. ಆಕಾಶದಲ್ಲಿ ಒಂದು ಕೊಂಡಿ ಕಳಚಿದರೂ ತಗಡು ಎದ್ದು ಚಾಲಕನ ಗಾಜಿಗೆ ಬಡಿಯಬಹುದು. ಆದ್ದರಿಂದಲೇ ಪರವಾನಗಿ ಪಡೆದ ಎಂಜಿನಿಯರ್ ದಾಖಲೆಯ ಪುಸ್ತಕಕ್ಕೆ ಸಹಿ ಹಾಕುವವರೆಗೆ ವಿಮಾನ ನೆಲ ಬಿಡುವಂತಿಲ್ಲ. ನಂದಿಯ ಬಂಡೆಗಳ ಮೇಲೆ, ಇಳಿಯಲು ಬಯಲಿಲ್ಲದ ಎಡೆಯಲ್ಲಿ, ಚಾಲಕ ನೆಚ್ಚಿ ಹಾರುವುದು ಆ ಸಹಿಯನ್ನೂ ಅದರ ಹಿಂದಿನ ಕೊಡತಿಯ ಕೈಯನ್ನೂ.